ಹಾಟ್ ಟಬ್‌ಗೆ 120 ವೋಲ್ಟಾ, 240 ವೋಲ್ಟಾ? ಉತ್ತರ 1883ರಲ್ಲಿದೆ

ಅಮೆರಿಕದಲ್ಲಿರೋ ಅಣ್ಣನೋ ಅಕ್ಕನೋ ಮನೆ ಹಿತ್ತಲಿಗೆ ಹಾಟ್ ಟಬ್ ತರಿಸೋಕೆ ಹೊರಟರೆ ಎದುರಾಗೋ ಮೊದಲ ಪ್ರಶ್ನೆ ಇದು: 120 ವೋಲ್ಟ್ ಬೇಕಾ, 240 ವೋಲ್ಟ್ ಬೇಕಾ? ನಮ್ಮ ಮನೆಗಳಲ್ಲಿ ಫ್ಯಾನ್‌ಗೂ ಗೀಸರ್‌ಗೂ ಒಂದೇ 230 ವೋಲ್ಟ್. ಅಲ್ಲಿ ಮಾತ್ರ ಒಂದೇ ಮನೆಯಲ್ಲಿ ಎರಡು ಯಾಕೆ?

ಸ್ವಲ್ಪ ಹಿಂದೆ ಹೋಗೋಣ. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಲ್ಲಿ ಥಾಮಸ್ ಎಡಿಸನ್ ಅವರ ವಿದ್ಯುತ್ ಕೇಂದ್ರ ಶುರುವಾಯ್ತು. ಅವರ ಬಲ್ಬ್‌ಗಳಿಗೆ ಬೇಕಿದ್ದದ್ದು ಸುಮಾರು 110 ವೋಲ್ಟ್ ಡಿಸಿ. ವೋಲ್ಟೇಜ್ ಕಡಿಮೆ ಆದಷ್ಟೂ ಹೆಚ್ಚು ಕರೆಂಟ್ ಹರಿಯಬೇಕು, ತಂತಿ ದಪ್ಪ ಇರಬೇಕು. ದುಡ್ಡೆಲ್ಲ ತಾಮ್ರಕ್ಕೇ ಹೋಗ್ತಿತ್ತು.

1883ರಲ್ಲಿ ಪೆನ್ಸಿಲ್ವೇನಿಯಾದ ಸನ್‌ಬರಿ ಊರಲ್ಲಿ ಎಡಿಸನ್ ಒಂದು ಉಪಾಯ ಮಾಡಿದರು: ಮೂರು ತಂತಿ. ನಡುವಿನದು ನ್ಯೂಟ್ರಲ್. ಒಂದು ಅಂಚಿನ ತಂತಿಯಿಂದ ನಡುವಿಗೆ 110 ವೋಲ್ಟ್, ಅಂಚಿನಿಂದ ಅಂಚಿಗೆ 220. ಬಲ್ಬ್ ಬದಲಾಗಲಿಲ್ಲ, ತಾಮ್ರ ಮಾತ್ರ ಉಳೀತು. ಮುಂದೆ ಡಿಸಿ ಹೋಗಿ ಎಸಿ ಬಂತು, ಆದರೆ ಮೂರು ತಂತಿಯ ಲೆಕ್ಕ ಉಳಿದುಕೊಂಡಿತು. ಇವತ್ತಿನ 120, 240 ಅದರದ್ದೇ ಮೊಮ್ಮಕ್ಕಳು.

ಇನ್ನು ನೀರಿನ ಕಥೆ. ಇಟಲಿಯಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಪಂಪ್ ಮಾಡ್ತಿದ್ದ ಜಕೂಜಿ ಕುಟುಂಬದ ಒಬ್ಬ ಮಗುವಿಗೆ ಸಂಧಿವಾತ ಇತ್ತು. ಆ ನೋವಿಗೆ ಅಂತ ಮನೆಯ ಬಾತ್‌ಟಬ್‌ನಲ್ಲಿ ಇಡಬಹುದಾದ ಪಂಪ್ ಮಾಡಿದರು. 1956ರಲ್ಲಿ ಅದು ಮಾರಾಟಕ್ಕೂ ಬಂತು. 1968ರಲ್ಲಿ ರಾಯ್ ಜಕೂಜಿ ಪಂಪನ್ನು ಟಬ್‌ನೊಳಗೇ ಸೇರಿಸಿದರು. ಔಷಧಿಯಾಗಿದ್ದದ್ದು ಐಷಾರಾಮ ಆಯ್ತು.

ಈಗ ನಮ್ಮ ಪ್ರಶ್ನೆಗೆ ಬರೋಣ. 1,500 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡೋಕೆ ಸುಮಾರು 35 ಯೂನಿಟ್ ಬೇಕು. 120 ವೋಲ್ಟ್‌ನ 15 ಆಂಪ್ ಸಾಕೆಟ್ ಕೊಡೋದು ಹೆಚ್ಚೆಂದರೆ 1,800 ವ್ಯಾಟ್. ಪ್ಲಗ್ ಹಾಕಿದರೆ ಸಾಕು, ನಿಜ; ಆದರೆ ಹೀಟರ್‌ಗೆ 1.5 ಕಿಲೋವ್ಯಾಟ್ ಸಿಕ್ಕರೂ ಒಂದು ದಿನ ಕಾಯಬೇಕು. 240 ವೋಲ್ಟ್‌ಗೆ ಪ್ರತ್ಯೇಕ ಲೈನ್ ಎಳೆಸಬೇಕು, ಖರ್ಚು ಜಾಸ್ತಿ. ಆದರೆ 5.5 ಕಿಲೋವ್ಯಾಟ್ ಹೀಟರ್ ಇದ್ದರೆ ಆರೂವರೆ ಗಂಟೆ ಸಾಕು.

ಎರಡರಲ್ಲೂ ಅಪಾಯ ಒಂದೇ: ನೀರಲ್ಲಿ ಕೂತ ಮನುಷ್ಯ. 120 ವೋಲ್ಟೂ ಕೊಲ್ಲುತ್ತೆ. ಕರೆಂಟ್ ಮನುಷ್ಯನ ಮೈಗೆ ಏನು ಮಾಡುತ್ತೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದವರು ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಝಿಯಲ್. 1961ರಲ್ಲಿ ಅವರು ಒಂದು ಸಾಧನ ರೂಪಿಸಿದರು. ಹೋದ ಕರೆಂಟ್ ಪೂರ್ತಿ ವಾಪಸ್ ಬರಲಿಲ್ಲ, 5 ಮಿಲಿಆಂಪ್‌ನಷ್ಟು ಬೇರೆಲ್ಲೋ ಸೋರುತ್ತಿದೆ ಅಂದರೆ, ಕಣ್ಣು ಮಿಟುಕಿಸೋದರೊಳಗೆ ಲೈನ್ ಕಟ್. ಅದೇ ಜಿಎಫ್‌ಸಿಐ. ಇಂದು ಅಲ್ಲಿ ಅದಿಲ್ಲದೆ ಹಾಟ್ ಟಬ್ ಕೂರಿಸೋ ಹಾಗಿಲ್ಲ.

ನಮ್ಮ ಮನೆಗಳಲ್ಲಿ ಇದೇ ಕೆಲಸ ಮಾಡೋದು ಆರ್‌ಸಿಸಿಬಿ. ಸಾಮಾನ್ಯವಾಗಿ 30 ಮಿಲಿಆಂಪ್‌ನದು. ಹಾಟ್ ಟಬ್ ಇಲ್ಲದಿದ್ದರೇನು, ಬಚ್ಚಲಲ್ಲಿ ಗೀಸರ್ ಇದೆಯಲ್ಲ! ಇವತ್ತು ಮೀಟರ್ ಬೋರ್ಡ್ ಹತ್ತಿರ ಹೋಗಿ ನೋಡಿ. ಟೆಸ್ಟ್ ಬಟನ್ ಒತ್ತಿದರೆ ಕರೆಂಟ್ ಹೋಗಬೇಕು. ಹೋಗಲಿಲ್ಲವಾ? ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಆಮೇಲೆ ಮುಂದಿನ ಎಪಿಸೋಡ್ ಕೇಳಿ.