ಕಡಲಾಚೆಯ ಮತದಾರರು: ಹಕ್ಕು ಮತ್ತು ಮತಗಟ್ಟೆಯ ನಡುವಣ ದೂರ

ವಿದೇಶಗಳಲ್ಲಿ ನೆಲೆಸಿರುವ ಭಾರತೀಯ ನಾಗರಿಕರ ಮತದಾನದ ಚರಿತ್ರೆಯನ್ನು 1950ರ ಪ್ರಜಾ ಪ್ರಾತಿನಿಧ್ಯ ಅಧಿನಿಯಮದ 20ನೆಯ ಪ್ರಕರಣದಿಂದಲೇ ಆರಂಭಿಸಬೇಕಾಗುತ್ತದೆ. ಮತದಾರನು ಕ್ಷೇತ್ರದ ‘ಸಾಮಾನ್ಯ ನಿವಾಸಿ’ಯಾಗಿರಬೇಕೆಂಬುದು ಆ ಕಾಯಿದೆಯ ನಿಲುವು. ಸೈನಿಕರಿಗೂ ವಿದೇಶದಲ್ಲಿ ಸರ್ಕಾರಿ ಹುದ್ದೆಯಲ್ಲಿದ್ದವರಿಗೂ ಅದು ವಿನಾಯಿತಿ ನೀಡಿತು. ಗಲ್ಫ್ ರಾಷ್ಟ್ರಗಳಿಗೆ ದುಡಿಯಲು ಹೋದ ಮೇಸ್ತ್ರಿಗೆ, ಚಾಲಕನಿಗೆ, ದಾದಿಗೆ ನೀಡಲಿಲ್ಲ. ಪೌರತ್ವ ಉಳಿದಿದ್ದರೂ ಮತದಾರರ ಪಟ್ಟಿಯಲ್ಲಿ ಇವರಿಗೆ ಸ್ಥಾನವಿರಲಿಲ್ಲ.

2010ರ ತಿದ್ದುಪಡಿಯ ಮೂಲಕ ಸೇರಿದ 20ಎ ಪ್ರಕರಣವು 2011ರಲ್ಲಿ ಜಾರಿಗೆ ಬಂದು ಈ ಕೊರತೆಯನ್ನು ನೀಗಿಸಿತು, ಆದರೆ ಅರ್ಧದಷ್ಟು ಮಾತ್ರ. ಪಾಸ್‌ಪೋರ್ಟಿನಲ್ಲಿ ನಮೂದಾದ ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಬಹುದಾಯಿತು. ಮತ ಚಲಾಯಿಸಲು ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಆ ಊರಿನ ಮತಗಟ್ಟೆಗೇ ಬರಬೇಕು.

ಇದರ ಪರಿಣಾಮವನ್ನು ಅಂಕಿಅಂಶಗಳು ಬಿಚ್ಚಿಡುತ್ತವೆ. 2019ರ ಲೋಕಸಭಾ ಚುನಾವಣೆಯಲ್ಲಿ ನೋಂದಾಯಿತರು ಒಂದು ಲಕ್ಷಕ್ಕೆ ತುಸು ಕಡಿಮೆ. ಮತ ಹಾಕಿದವರು 25,606. ಇವರಲ್ಲಿ 25,534 ಮಂದಿ ಕೇರಳದವರು! ಗಲ್ಫಿನೊಡನೆ ದೀರ್ಘ ನಂಟಿರುವ ನಮ್ಮ ಕರಾವಳಿಯೂ ಸೇರಿದಂತೆ ದೇಶದ ಉಳಿದೆಲ್ಲ ಭಾಗಗಳ ಪಾಲು ಕೇವಲ 72. ಇದನ್ನು ಮಲಯಾಳಿಗಳ ರಾಜಕೀಯ ಜಾಗೃತಿ ಎಂದಷ್ಟೇ ವಿವರಿಸಿದರೆ ಸಾಲದು. ಕೇರಳದ ಪಕ್ಷಗಳಿಗೆ ಗಲ್ಫ್ ನಗರಗಳಲ್ಲಿ ಬೇರುಬಿಟ್ಟ ಸಂಘಟನೆಗಳಿವೆ. ಮತದಾರರನ್ನು ಗುಂಪುಗಳಾಗಿ ವಿಮಾನದಲ್ಲಿ ಕರೆತರುವ ಏರ್ಪಾಟನ್ನೂ ಅವು ಮಾಡಿದ್ದುಂಟು. ಪ್ರಯಾಣದ ಹೊರೆಯನ್ನು ಒಬ್ಬಂಟಿಯಾಗಿ ಹೊರಬೇಕಾದವನ ಸ್ಥಿತಿ ಬೇರೆ.

2024ರಲ್ಲಿ ನೋಂದಾಯಿತರ ಸಂಖ್ಯೆ 1,19,374ಕ್ಕೆ ಏರಿತು. ಮತ ಹಾಕಿದವರು 2,958ಕ್ಕೆ ಇಳಿದರು. ಕೇರಳದಲ್ಲಿಯೇ 89,839 ಜನರ ಪೈಕಿ ಬಂದವರು 2,670. ಐದೇ ವರ್ಷಗಳಲ್ಲಿ ಆಸಕ್ತಿ ಇಷ್ಟೊಂದು ಬತ್ತಿತೆಂದು ನಂಬುವುದು ಕಷ್ಟ. ಆ ವರ್ಷ ರಂಜಾನ್ ಹಬ್ಬ, ವಿಷು ಎರಡೂ ಮುಗಿದ ಮೇಲೆ, ಏಪ್ರಿಲ್ 26ರಂದು ಅಲ್ಲಿ ಮತದಾನ ನಡೆಯಿತು. ಹಬ್ಬಕ್ಕೆ ಬಂದವರ ರಜೆ ತೀರಿರಬಹುದೆಂಬುದು ಒಂದು ಊಹೆ ಮಾತ್ರ. ಸಂಶೋಧಕರು ಇನ್ನೊಂದು ಎಚ್ಚರವನ್ನೂ ವಹಿಸಬೇಕು: ಸಾಮಾನ್ಯ ಪಟ್ಟಿಯಲ್ಲಿಯೇ ಹೆಸರು ಉಳಿದಿದ್ದು, ರಜೆಯಲ್ಲಿ ಬಂದು ಮತ ಹಾಕುವವರು ಈ ಲೆಕ್ಕದೊಳಗೆ ಸಿಗುವುದಿಲ್ಲ.

ಪ್ರತಿನಿಧಿಯ ಮೂಲಕ ಮತದಾನಕ್ಕೆ ಅವಕಾಶ ನೀಡುವ ಮಸೂದೆಯನ್ನು ಲೋಕಸಭೆಯು 2018ರ ಆಗಸ್ಟಿನಲ್ಲಿ ಅಂಗೀಕರಿಸಿತಾದರೂ ಮರುವರ್ಷ ಸದನದ ವಿಸರ್ಜನೆಯೊಂದಿಗೆ ಅದು ಬಿದ್ದುಹೋಯಿತು. ಸೇವಾ ಮತದಾರರಿಗೆ ಇರುವಂತೆ, ಮತಪತ್ರವನ್ನು ವಿದ್ಯುನ್ಮಾನವಾಗಿ ಕಳುಹಿಸಿ ಅಂಚೆಯಲ್ಲಿ ಹಿಂಪಡೆಯುವ ಕ್ರಮವನ್ನು ಇವರಿಗೂ ವಿಸ್ತರಿಸಬಹುದೆಂದು ಚುನಾವಣಾ ಆಯೋಗವು 2020ರಲ್ಲಿ ಸೂಚಿಸಿತು. 2024ರ ಚುನಾವಣೆಯಲ್ಲಿಯೂ ಕಡಲಾಚೆಯ ಮತದಾರನು ಟಿಕೇಟು ಕೊಂಡೇ ಮತಗಟ್ಟೆಗೆ ಬರಬೇಕಾಗಿತ್ತು.