ಹೂವುಗಳ ಹೆಸರಿನ ಪೂರ್ವವೃತ್ತ

ಮಳೆಗಾಲದಲ್ಲಿ ಮಲೆನಾಡಿನ ಮನೆಯಂಗಳಗಳಲ್ಲಿ ಅರಳುವ ಡೇರೆಹೂವಿನ ಹೆಸರನ್ನು ಕೇಳಿ, ಅದು ‘ಡೇಲಿಯ’ ಎಂಬುದರ ಕೆಟ್ಟ ರೂಪವೆಂದು ನಗುವ ವಿದ್ಯಾವಂತರುಂಟು. ಆ ನಗೆಯು ನ್ಯಾಯವಾದುದೇ ಎಂಬುದನ್ನು ವಿಚಾರಿಸೋಣ.

ನಮ್ಮ ಹೂವುಗಳ ಹೆಸರುಗಳಲ್ಲಿ ತಾವರೆ, ನೈದಿಲೆಗಳು ಅಚ್ಚಗನ್ನಡದವು. ತಮಿಳಿನ ತಾಮರೈ, ನೆಯ್ದಲ್ ಎಂಬವು ಇವುಗಳ ಒಡಹುಟ್ಟುಗಳು. ಮಲ್ಲಿಗೆಯಾದರೋ ಸಂಸ್ಕೃತದ ಮಲ್ಲಿಕಾ, ಸಂಪಿಗೆಯು ಚಂಪಕ, ಕೇದಗೆಯು ಕೇತಕೀ, ಜಾಜಿಯು ಜಾತಿ. ಇಂತಹ ಮಾರ್ಪಾಡುಗಳ ಕ್ರಮವನ್ನು 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ಶಾಸ್ತ್ರವಾಗಿಯೇ ನಿರೂಪಿಸಿರುವನು.

ಗುಲಾಬಿಯ ಕಥೆಯು ಇನ್ನೂ ಸ್ವಾರಸ್ಯವಾದುದು. ಪಾರಸಿಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು; ‘ಗುಲಾಬ್’ ಎಂಬುದು ಪನ್ನೀರಿನ ಹೆಸರು. ನಮ್ಮ ದೇಶದಲ್ಲಿ ಅದು ಹೂವಿಗೇ ನಿಂತಿತು.

ಹೆಸರು ಸಂಸ್ಕೃತವಾದ ಮಾತ್ರಕ್ಕೆ ಹೂವು ಇಲ್ಲಿ ಪ್ರಾಚೀನವೆಂದೂ ತಿಳಿಯಲಾಗದು. ಸುಗಂಧರಾಜದ ತವರು ಮೆಕ್ಸಿಕೋ. ಕೊಲಂಬಸನು 1492ರಲ್ಲಿ ಅಮೆರಿಕವನ್ನು ಮುಟ್ಟುವುದಕ್ಕೆ ಮುಂಚೆ ಅದು ನಮ್ಮ ದೇವರ ಮುಡಿಯನ್ನೇರಿರಲಾರದು.

ಡೇರೆಯ ತವರೂ ಮೆಕ್ಸಿಕೋ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನಾದ ಆಂಡರ್ಸ್ ಡಾಲ್ ಎಂಬವನ ಸ್ಮರಣಾರ್ಥವಾಗಿ ಸ್ಪೇನ್ ದೇಶದ ಕವಾನಿಲ್ಯೆಸ್ ಎಂಬ ಪಂಡಿತನು 1791ರಲ್ಲಿ ಅದಕ್ಕೆ ಡೇಲಿಯವೆಂದು ಹೆಸರಿಟ್ಟನು. ಮಲೆನಾಡಿನ ಗೃಹಿಣಿಯರು ಗಡ್ಡೆಯನ್ನು ತಮ್ಮ ಮಣ್ಣಿಗೆ ಒಗ್ಗಿಸಿಕೊಂಡಂತೆ ಹೆಸರನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಚಂಪಕವನ್ನು ಸಂಪಿಗೆಯಾಗಿಸಿದುದೂ ಇಂತಹ ನಾಲಗೆಯೇ ಅಲ್ಲವೆ? ಒಂದನ್ನು ತದ್ಭವವೆಂದು ಮನ್ನಿಸಿ, ಇನ್ನೊಂದನ್ನು ಗ್ರಾಮ್ಯವೆಂದು ಹಳಿಯುವುದು ಉಚಿತವಲ್ಲ. ಡೇರೆಯನ್ನು ಡೇರೆಯೆಂದೇ ಕರೆಯೋಣ.