ನೀರಿನ ವಯಸ್ಸು ಮತ್ತು ನದಿಯ ಪ್ರಾಣಿಪ್ಲವಕ

ಈಜಿ ಪ್ರವಾಹವನ್ನು ಎದುರಿಸಲಾರದೆ ನೀರು ಒಯ್ದತ್ತ ತೇಲುವ ಜೀವಿಗಳಿಗೆ ಪ್ಲಾಂಕ್ಟನ್, ಅಂದರೆ ಪ್ಲವಕ, ಎಂಬ ಹೆಸರನ್ನು 1887ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸನ್ ಕೊಟ್ಟಾಗ ಅವನ ಕಣ್ಣೆದುರಿಗಿದ್ದದ್ದು ಸಮುದ್ರ. ಸಮುದ್ರದಲ್ಲೋ ಸರೋವರದಲ್ಲೋ ತೇಲುವ ಜೀವಿ ಎಲ್ಲಿಗೆ ಹೋದರೂ ಅದೇ ಜಲರಾಶಿಯೊಳಗೇ ಇರುತ್ತದೆ. ನದಿಯ ಮಾತು ಬೇರೆ: ಅಲ್ಲಿ ತೇಲುವುದೆಂದರೆ ಕೊನೆಗೆ ಕಡಲು ಸೇರುವುದು. 1898ರಲ್ಲಿ ಒಟ್ಟೊ ಜಕರಿಯಾಸ್ ನದಿಯ ಪ್ಲವಕಕ್ಕೆಂದೇ ಪ್ರತ್ಯೇಕ ಹೆಸರಿಟ್ಟರೂ, ಅದು ಸರೋವರಗಳಿಂದ ಕೊಚ್ಚಿ ಬಂದ ಅತಿಥಿಗಳ ಗುಂಪಷ್ಟೆ ಎಂಬ ಗುಮಾನಿ ಬಹುಕಾಲ ಉಳಿಯಿತು. ಆ ಗುಮಾನಿಯನ್ನು ಸಡಿಲಿಸಿದ ಸಾಕ್ಷ್ಯ ತೊರೆಗಳಿಂದಲೇ ಬಂತು. ಸರೋವರದ ಪ್ಲವಕ ತೊರೆಗೆ ಇಳಿದರೆ ಜಲಸಸ್ಯಗಳ ನಡುವೆ ಸೋಸಿಹೋಗಿ ಬೇಗನೆ ಕ್ಷೀಣಿಸುತ್ತದೆ ಎಂದು 1937ರಲ್ಲಿ ಚಾಂಡ್ಲರ್ ತೋರಿಸಿದ. ಹಾಗಿದ್ದರೆ ಯಾವ ಸರೋವರದಿಂದಲೂ ಬಹುದೂರದಲ್ಲಿರುವ ದೊಡ್ಡ ನದಿಯ ಕೆಳಪಾತ್ರದಲ್ಲಿ ಕಾಣುವ ಸಮೃದ್ಧಿ ಅಲ್ಲೇ ಹುಟ್ಟಿ ಬೆಳೆದದ್ದಾಗಿರಬೇಕಲ್ಲವೆ?

ಈ ಪ್ರಶ್ನೆಗೆ ಬೇಕಾದ ಉತ್ತರದ ಬಹುಪಾಲು ಆ ಹೊತ್ತಿಗಾಗಲೇ ಬರೆದಿಟ್ಟಾಗಿತ್ತು ಎಂಬುದು ಸೋಜಿಗ. 1894ರಿಂದ 1899ರವರೆಗೆ ಅಮೆರಿಕದ ಇಲಿನಾಯ್ ನದಿಯ ದಡದ ಹವಾನಾ ಊರಿನಲ್ಲಿ ನಡೆದ ಅಧ್ಯಯನವನ್ನು ಚಾರ್ಲ್ಸ್ ಕೊಫಾಯ್ಡ್ 1903 ಮತ್ತು 1908ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ. ರೇಷ್ಮೆ ಬಲೆಯ ಕಣ್ಣಿನಿಂದ ಅತಿ ಸಣ್ಣ ಜೀವಿಗಳು ನುಸುಳಿಹೋಗುತ್ತವೆ, ಹೀಗಾಗಿ ಎಣಿಕೆಯೇ ಸುಳ್ಳಾಗುತ್ತದೆ ಎಂದು ಅವನು 1897ರಲ್ಲೇ ಎಚ್ಚರಿಸಿದ್ದ. ಆಮೇಲಿನ ಎಷ್ಟೋ ಸಮೀಕ್ಷೆಗಳು ಈ ಎಚ್ಚರಿಕೆಯನ್ನು ಮರೆತವು. ಪ್ರವಾಹ ಬಂದಾಗ ಪ್ಲವಕ ತೆಳುವಾಗುವುದು, ಪಕ್ಕದ ಹಿನ್ನೀರುಗಳಲ್ಲಿ ದಟ್ಟವಾಗಿ ಬೆಳೆದದ್ದು ಮುಖ್ಯಪಾತ್ರಕ್ಕೆ ಸೇರುವುದು, ನೀರು ಎಷ್ಟು ಹಳೆಯದು, ಅಂದರೆ ನದಿಗೆ ಇಳಿದು ಎಷ್ಟು ದಿನವಾಯಿತು, ಎಂಬುದರ ಮೇಲೆ ಅದರಲ್ಲಿನ ಜೀವರಾಶಿ ನಿಲ್ಲುವುದು, ಇವೆಲ್ಲ ಅವನ ವರದಿಯಲ್ಲಿವೆ. ನೀರಿಗೆ ವಯಸ್ಸಿದೆ ಎಂಬ ಈ ಎಣಿಕೆಯೇ ಈ ಕ್ಷೇತ್ರದ ಅತ್ಯಂತ ಫಲವತ್ತಾದ ವಿಚಾರ ಎಂದು ನನಗನ್ನಿಸುತ್ತದೆ.

ಲೆಕ್ಕ ಸರಳ. ಸೆಕೆಂಡಿಗೆ ಅರ್ಧ ಮೀಟರ್ ಹರಿಯುವ ನೀರು ದಿನಕ್ಕೆ ಸುಮಾರು 43 ಕಿಲೋಮೀಟರ್ ಸಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ರೋಟಿಫರ್ ಎಂಬ ಚಕ್ರಜೀವಿಗೆ ಒಂದು ತಲೆಮಾರು ಮುಗಿಸಲು ಕೆಲವೇ ದಿನ ಸಾಕು. ಡಾಫ್ನಿಯಾದಂಥ ಸಣ್ಣ ಕಠಿಣಚರ್ಮಿಗಳಿಗೆ ಒಂದು ವಾರ ಅಥವಾ ಹೆಚ್ಚು. ಮರಿಯಿಂದ ಪ್ರೌಢಾವಸ್ಥೆಗೆ ಹಲವು ಹಂತ ದಾಟಬೇಕಾದ ಕೋಪೆಪಾಡ್‌ಗಳಿಗೆ ವಾರಗಳೇ ಬೇಕು. ಸುಮಾರು 800 ಕಿಲೋಮೀಟರ್ ಉದ್ದದ ಕಾವೇರಿ ಇದೇ ವೇಗದಲ್ಲಿ ತಡೆಯಿಲ್ಲದೆ ಹರಿದರೆ ತಲಕಾವೇರಿಯ ನೀರು ಮೂರು ವಾರ ತುಂಬುವ ಮೊದಲೇ ಕಡಲು ಸೇರೀತು. ಅಷ್ಟರಲ್ಲಿ ರೋಟಿಫರ್ ಹಲವು ಪೀಳಿಗೆ ಕಂಡರೆ, ಕೋಪೆಪಾಡ್ ಒಂದನ್ನು ಮುಗಿಸಲು ಒದ್ದಾಡುತ್ತದೆ. ನದಿಗಳ ಮಾದರಿಗಳಲ್ಲಿ ರೋಟಿಫರ್‌ಗಳೇ ಮೇಲುಗೈಯಾಗಿ ಕಾಣುವುದಕ್ಕೆ ಇದಕ್ಕಿಂತ ನೇರವಾದ ಕಾರಣ ಸಿಗುವುದಿಲ್ಲ.

ಆದರೆ ಆಕ್ಷೇಪವಿದೆ. ಪ್ರವಾಹದ ನೀರು ವೇಗವಾಗಿರುವುದಷ್ಟೇ ಅಲ್ಲ, ಕೆಸರಾಗಿಯೂ ಇರುತ್ತದೆ. ಜೇಡಿಮಣ್ಣಿನ ಕಣಗಳು ಡಾಫ್ನಿಯಾ ಗುಂಪಿನ ಬೆಳವಣಿಗೆಯನ್ನು ಕುಗ್ಗಿಸಿ ರೋಟಿಫರ್‌ಗಳಿಗೆ ಅನುಕೂಲ ಮಾಡಬಲ್ಲವು ಎಂದು 1990ರಲ್ಲಿ ಕಿರ್ಕ್ ಮತ್ತು ಗಿಲ್ಬರ್ಟ್ ಪ್ರಯೋಗಾಲಯದಲ್ಲಿ ತೋರಿಸಿದರು. ಹಾಗಾದರೆ ರೋಟಿಫರ್‌ಗಳ ಮೇಲುಗೈಗೆ ಕಾರಣ ಕಾಲವೋ ಕೆಸರೋ? ವೇಗವೂ ಕೆಸರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ನದಿಯಲ್ಲಿ ಬರೀ ಮಾದರಿ ಎಣಿಸಿ ಇದನ್ನು ಬಿಡಿಸಲಾಗದು, ಒಪ್ಪಬೇಕು. ಇನ್ನೂ ಗಟ್ಟಿಯಾದ ಆಕ್ಷೇಪ ಅಮೆರಿಕದ ಹಡ್ಸನ್ ನದಿಯದು. 1991ರಲ್ಲಿ ಅಲ್ಲಿ ಮೊದಲು ಕಂಡ, ನೀರನ್ನು ಸೋಸಿ ತಿನ್ನುವ ಜೀಬ್ರಾ ಚಿಪ್ಪುಜೀವಿ ಮುಂದಿನ ವರ್ಷದೊಳಗೆ ತಳವನ್ನು ಆವರಿಸಿತು. ಸಸ್ಯಪ್ಲವಕ ಕುಸಿಯಿತು, ರೋಟಿಫರ್‌ಗಳೂ ಕುಸಿದವು. ಈ ಕುಸಿತವನ್ನು ನೀರಿನ ವಯಸ್ಸಿನಿಂದ ವಿವರಿಸಲಾಗದು. ಆದರೂ ಗಮನಿಸಿ: ಇದು ನಡೆದದ್ದು ಭರತ-ಇಳಿತಗಳಿಂದ ನೀರು ಹಿಂದೆಮುಂದೆ ತೂಗುವ, ನೀರಿಗೆ ಬಿಡುವಿರುವ ಭಾಗದಲ್ಲಿ. ವಂಶ ಬೆಳೆಯುವಷ್ಟು ಹೊತ್ತು ಸಿಕ್ಕ ಮೇಲಷ್ಟೇ ಆಹಾರ, ಬೇಟೆಗಾರರು, ಪ್ರತಿಸ್ಪರ್ಧಿಗಳು ಲೆಕ್ಕಕ್ಕೆ ಬರುತ್ತಾರೆ. ಕಾಲವೇ ಸಿಗದ ಕಡೆ ಮೇವು ಎಷ್ಟಿದ್ದರೇನು?

ಹೆಚ್ಚು ಕಾಡುವ ತೊಡಕು ಯಾವ ಕಾಲವನ್ನು ಅಳೆಯಬೇಕು ಎಂಬುದು. ನದಿಯ ಸರಾಸರಿ ಹರಿವಿನಿಂದ ಲೆಕ್ಕ ಹಾಕಿದ ಕಾಲ ಎಷ್ಟೋ ಸಲ ಎದುರಿಗಿರುವ ಪ್ಲವಕವನ್ನು ವಿವರಿಸಲಾರದು, ಏಕೆಂದರೆ ನದಿಯ ನೀರೆಲ್ಲ ಒಂದೇ ವಯಸ್ಸಿನದಲ್ಲ. 1980ರ ನದಿ-ನಿರಂತರತೆಯ ಸಿದ್ಧಾಂತ ಮೂಲದಿಂದ ಮುಖದವರೆಗಿನ ಉದ್ದವನ್ನೇ ನೋಡಿತು. 1989ರಲ್ಲಿ ಯುಂಕ್ ಮತ್ತು ಸಂಗಡಿಗರು ಪ್ರವಾಹದ ನೀರು ಬಯಲಿಗೆ ಹರಡಿ ಮರಳುವ ಅಡ್ಡ ಚಲನೆಯತ್ತ ಕಣ್ಣು ತಿರುಗಿಸಿದರು. ಆಸ್ಟ್ರಿಯಾದ ಡ್ಯಾನ್ಯೂಬ್ ಮೇಲೆ 1999ರಲ್ಲಿ ರೆಕೆನ್‌ಡಾರ್ಫರ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಇದನ್ನು ಇನ್ನಷ್ಟು ಹತ್ತಿರಕ್ಕೆ ತಂದಿತು: ದಡದಂಚಿನಲ್ಲಿ ನೀರು ತಂಗುವ ಜಾಗಗಳು ಎಷ್ಟಿವೆ ಎಂಬುದು ಪ್ರಾಣಿಪ್ಲವಕದ ಸಾಂದ್ರತೆಯನ್ನು ನಿರ್ಣಯಿಸುವಲ್ಲಿ ಮುಖ್ಯ. ಕೊಫಾಯ್ಡ್‌ನ ಹಿನ್ನೀರು ಸುಮಾರು ನೂರು ವರ್ಷದ ನಂತರ ಇಂಥ ಅಳತೆಗೆ ಸಿಕ್ಕಿತು.

ಅಣೆಕಟ್ಟು ನೀರಿಗೆ ಕಾಲ ಕೊಡುತ್ತದಲ್ಲ, ಅದೂ ಒಳ್ಳೆಯದೇ ಅಲ್ಲವೆ ಎನ್ನಬಹುದು. ಬಿಳಿ ನೈಲ್ ಮೇಲಿನ ಜಬಲ್ ಔಲಿಯಾ ಕಟ್ಟೆಯ ಹಿಂದೆ ಪ್ಲವಕ ಸಮೃದ್ಧವಾಗಿ ಬೆಳೆಯುವುದನ್ನು ಬ್ರೂಕ್ ಮತ್ತು ರ್ಜೊಸ್ಕಾ 1954ರಲ್ಲೇ ದಾಖಲಿಸಿದ್ದಾರೆ. ಆದರೆ ಜಲಾಶಯ ಸಾಕುವುದು ಸರೋವರದ ಬಗೆಯ ಸಮುದಾಯವನ್ನು. ಕೆಳಗಿನ ಪಾತ್ರವನ್ನು ನೇರ ಮಾಡಿ, ದಡಕ್ಕೆ ಕಲ್ಲು ಹೊದಿಸಿ, ಹಿನ್ನೀರಿನ ದಾರಿ ಮುಚ್ಚಿದರೆ, ತೂಬಿನಿಂದ ಹೊರಟ ಜೀವಿಗಳಿಗೆ ಮುಂದೆ ತಂಗಲು ಜಾಗವೇ ಇರುವುದಿಲ್ಲ. ಆಗ ವರ್ಷದ ಒಟ್ಟು ಹರಿವನ್ನು ಎಷ್ಟು ನಿಖರವಾಗಿ ಅಳೆದಿಟ್ಟರೂ ಆ ನಷ್ಟ ಆ ಅಂಕಿಯಲ್ಲಿ ಕಾಣದು. ದಡದುದ್ದಕ್ಕೂ ನೀರು ಎಲ್ಲೆಲ್ಲಿ, ಎಷ್ಟು ದಿನ ನಿಲ್ಲುತ್ತದೆ ಎಂದು ಬೇರೆಯೇ ಅಳೆಯಬೇಕಾಗುತ್ತದೆ.